ನನ್ನನ್ನು ನಾನೇ ಹೊಗಳಿಕೊಂಡರೂ ಮನಸ್ಸು ಕುಗ್ಗುವುದೇಕೆ?

ಪ್ರಶ್ನೆ: ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ನಾನು ಸಮರ್ಥೆ, ಎಲ್ಲರಿಗೂ ಇಷ್ಟವಾಗುವವಳು’ ಎಂದು ಹೇಳಿಕೊಳ್ಳುತ್ತೇನೆ. ಧೈರ್ಯ ಬರುವುದಿರಲಿ, ಇನ್ನಷ್ಟು ಕುಗ್ಗಿಹೋಗುತ್ತೇನೆ. ಏನು ಮಾಡಲಿ?

ಉತ್ತರ: ಆ ವಾಕ್ಯವನ್ನು ಬಿಟ್ಟುಬಿಡಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಆಗಿತ್ತು. ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಎಂದು ಮತ್ತೆ ಮತ್ತೆ ಹೇಳಿಕೊಂಡಾಗ, ತಮ್ಮ ಬಗ್ಗೆ ಮೊದಲೇ ಒಳ್ಳೆಯ ಭಾವನೆ ಇದ್ದವರಿಗೆ ಅಲ್ಪಸ್ವಲ್ಪ ಲಾಭವಾಯಿತು. ಕೀಳರಿಮೆ ಇದ್ದವರ ಮನಸ್ಸು ಮತ್ತಷ್ಟು ಮಂಕಾಯಿತು. ಯಾರಿಗೆ ಬೇಕಿತ್ತೋ ಅವರಿಗೇ ಒಗ್ಗಲಿಲ್ಲ! ಮನಸ್ಸು ಒಪ್ಪದ ಮಾತನ್ನು ಅದರ ಮೇಲೆ ಹೇರಿದರೆ ಅದು ವಾದಕ್ಕಿಳಿಯುತ್ತದೆ. ‘ಎಲ್ಲರಿಗೂ ಇಷ್ಟ’ ಎಂದ ಕೂಡಲೇ ಮುಖ ತಿರುಗಿಸಿದವರೊಬ್ಬರನ್ನು ನೆನಪಿಸುತ್ತದೆ.

ಹಾಗಾಗಿ ಹೊಗಳಿಕೆಯಿಂದ ಶುರುಮಾಡದೆ ಬೈಗುಳದಿಂದ ಶುರುಮಾಡಿ. ನಿಮ್ಮನ್ನು ನೀವು ಬೈದುಕೊಂಡ ಮಾತನ್ನು ಇದ್ದಹಾಗೇ ಬರೆಯಿರಿ: ‘ಮೀಟಿಂಗ್‌ನಲ್ಲಿ ತಡವರಿಸಿದೆ, ನಾನೊಬ್ಬಳು ದಂಡ.’ ಇದರಲ್ಲಿ ಮೊದಲರ್ಧ ನಡೆದದ್ದು, ಉಳಿದರ್ಧ ತೀರ್ಪು. ನಡೆದದ್ದನ್ನು ಮುಟ್ಟಬೇಡಿ, ತೀರ್ಪನ್ನಷ್ಟೇ ತಿದ್ದಿ: ‘ಒಂದು ಪ್ರಶ್ನೆಗೆ ತಡವರಿಸಿದೆ, ಉಳಿದ ಮೂರಕ್ಕೆ ಉತ್ತರಿಸಿದೆ. ಮುಂದಿನ ಸಲ ಅಂಕಿಅಂಶ ಬರೆದುಕೊಂಡು ಹೋಗುತ್ತೇನೆ.’ ಈಗ ಇದನ್ನು ಎಷ್ಟು ನಂಬುತ್ತೀರಿ ಎಂದು ನೂರಕ್ಕೆ ಅಂಕ ಕೊಡಿ. 70ಕ್ಕಿಂತ ಕಡಿಮೆ ಬಂದರೆ ಮಾತು ಇನ್ನೂ ಅತಿಯಾಗಿದೆ ಎಂದೇ ಲೆಕ್ಕ (ಈ ಗೆರೆ ಅಂದಾಜಿನದು, ಅದಕ್ಕೇ ಜೋತುಬೀಳಬೇಡಿ). ಸಾಮಾನ್ಯವಾಗಿ ‘ಯಾವಾಗಲೂ’, ‘ಎಲ್ಲರೂ’, ‘ಖಂಡಿತ’ ಎಂಬ ಪದಗಳನ್ನು ಹೊಡೆದುಹಾಕಿದರೆ ಸರಿಹೋಗುತ್ತದೆ.

ರೂಪದ ವಿಷಯಕ್ಕೂ ಇದೇ ಕ್ರಮ. ‘ನಾನು ಸುಂದರಿ’ ಎಂಬುದು ನಾಲಿಗೆಯಲ್ಲೇ ಉಳಿದರೆ ‘ಈ ಕಾಲುಗಳು ಇವತ್ತು ಮೂರು ಮಹಡಿ ಹತ್ತಿದವು’ ಎನ್ನಿ. ಇದನ್ನು ಅಲ್ಲಗಳೆಯಲು ಮನಸ್ಸಿಗೂ ಕಾರಣ ಸಿಗದು.

ಎದೆ ಹೊಡೆದುಕೊಳ್ಳುವ ಹೊತ್ತಿಗೆ, ಉದಾಹರಣೆಗೆ ಸಂದರ್ಶನದ ಬಾಗಿಲಲ್ಲಿ, ‘ನಾನು’ ಬಿಟ್ಟು ನಿಮ್ಮ ಹೆಸರು ಹಿಡಿದೇ ಮನಸ್ಸಿನಲ್ಲಿ ಮಾತಾಡಿಕೊಳ್ಳಿ: ‘ರಮಾ, ಮೊದಲ ಉತ್ತರ ನಿಧಾನವಾಗಿ ಹೇಳು.’ ಹೀಗೆ ಮಾಡಿದವರಿಗೆ ಭಾಷಣದಂಥ ಸಂದರ್ಭದಲ್ಲಿ ಕಳವಳ ಕಡಿಮೆಯಾದದ್ದನ್ನು ಮನೋವಿಜ್ಞಾನಿ ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದ್ದಾರೆ.

ಎರಡು ವಾರ ಕಳೆದರೂ ಮಂಕು ಹೋಗದೆ ನಿದ್ದೆ, ಹಸಿವೂ ಕೆಟ್ಟಿದ್ದರೆ, ಅಥವಾ ಬದುಕೇ ಬೇಡವೆನ್ನಿಸಿದರೆ ತಕ್ಷಣವೇ, ಮನೋವೈದ್ಯರನ್ನು ಕಾಣಿ. ಅಲ್ಲಿ ಸ್ವಗತವೊಂದೇ ಸಾಲದು.

ಇನ್ನು ಸಮಯ. ಬೆಳಗಿನ ಕನ್ನಡಿಗಿಂತ, ಬೈದುಕೊಂಡ ಅರ್ಧ ಗಂಟೆಯೊಳಗೆ ಎರಡು ನಿಮಿಷ ಕೂತು ಬರೆಯುವುದು ವಾಸಿ. ಆಡಿದ ಮಾತು ಆಗಿನ್ನೂ ಹಾಗೇ ನೆನಪಿರುತ್ತದೆ. ಒಂದು ದಿನ ತಪ್ಪಿದರೆ ಅದಕ್ಕೂ ಬೈದುಕೊಳ್ಳುವವರಿದ್ದಾರೆ. ಆ ಬೈಗುಳವನ್ನೂ ಅದೇ ಪುಸ್ತಕದಲ್ಲಿ ಬರೆದು ತಿದ್ದಿ.