ಅಕಾಡೆಮಿಯ ಒಳಜಗಳ: 'ರೂಪ' ಇರುವುದೆಲ್ಲಿ?

ಕೂದಲಿಗೂ ಒಂದು ರೂಪವಿದೆಯೇ? ಕೆಸರಿಗೆ, ಕೊಳೆಗೆ? 'ಪಾರ್ಮೆನಿಡೀಸ್' ಎಂಬ ಪ್ರಾಚೀನ ಗ್ರೀಕ್ ಸಂವಾದದಲ್ಲಿ ಅರವತ್ತೈದರ ಆಸುಪಾಸಿನ ತತ್ತ್ವಜ್ಞಾನಿ ಪಾರ್ಮೆನಿಡೀಸ್ ಇನ್ನೂ ಹರೆಯದ ಸಾಕ್ರಟಿಸ್‌ನನ್ನು ಹೀಗೆ ಕೆಣಕುತ್ತಾನೆ. ನ್ಯಾಯ, ಸೌಂದರ್ಯ, ಒಳಿತು ಇವಕ್ಕೆಲ್ಲ ಕಣ್ಣಿಗೆ ಕಾಣದ, ಎಂದೂ ಬದಲಾಗದ ಒಂದೊಂದು ಮೂಲ ಮಾದರಿ, ಅಂದರೆ 'ರೂಪ', ಇದೆ ಎಂದು ಧೈರ್ಯವಾಗಿ ಹೇಳಿದ್ದ ಹುಡುಗ, ಮನುಷ್ಯ, ಬೆಂಕಿ, ನೀರು ಎಂದಾಗ ತಡವರಿಸುತ್ತಾನೆ. ಕೆಸರಿನ ಮಾತು ಬಂದಾಗ ಅದಕ್ಕೆಲ್ಲ ಇರಲಾರದು ಎಂದುಬಿಡುತ್ತಾನೆ. ನೀನಿನ್ನೂ ಚಿಕ್ಕವ, ಜನ ಏನಂದಾರೋ ಎಂಬ ಅಳುಕು ನಿನಗೆ ಹೋಗಿಲ್ಲ ಎಂಬರ್ಥದ ಮಾತಿನಿಂದ ಹಿರಿಯ ಅವನನ್ನು ಸುಮ್ಮನಾಗಿಸುತ್ತಾನೆ.

ಇದನ್ನು ಬರೆದವನು ರೂಪಸಿದ್ಧಾಂತವನ್ನು ಕಟ್ಟಿದ ಪ್ಲೇಟೋನೇ. ಪಠ್ಯಪುಸ್ತಕಗಳಲ್ಲಿ ಈ ವಿವಾದ ಗುರು-ಶಿಷ್ಯರ ಜಟಾಪಟಿಯಾಗಿ ಬರುತ್ತದೆ: ಪ್ಲೇಟೋ ಆಕಾಶ ತೋರಿಸಿದ, ಅರಿಸ್ಟಾಟಲ್ ನೆಲ ತೋರಿಸಿದ. 1509ರಿಂದ 1511ರ ನಡುವೆ ರಾಫೆಲ್ ವ್ಯಾಟಿಕನ್‌ನಲ್ಲಿ ಬಿಡಿಸಿದ ಭಿತ್ತಿಚಿತ್ರದಲ್ಲಿ ಇಬ್ಬರ ಕೈಗಳೂ ಹೆಚ್ಚುಕಡಿಮೆ ಹಾಗೇ ಇರುವುದರಿಂದ ಈ ಕಥೆ ಗಟ್ಟಿಯಾಗಿ ಕೂತುಬಿಟ್ಟಿದೆ. ಚಿತ್ರ ಎಷ್ಟು ಸೊಗಸೋ ಅಷ್ಟೇ ದಾರಿ ತಪ್ಪಿಸುವಂಥದ್ದು ಎಂದು ನನ್ನ ಅನಿಸಿಕೆ. ರೂಪಗಳ ಮೇಲಿನ ಅತಿ ಕಠಿಣ ಆಕ್ಷೇಪಗಳು ಹುಟ್ಟಿದ್ದು ಅಥೆನ್ಸ್‌ನಲ್ಲಿ ಪ್ಲೇಟೋ ಕಟ್ಟಿದ ವಿದ್ಯಾಶಾಲೆಯಾದ ಅಕಾಡೆಮಿಯ ಒಳಗೇ. ಅವುಗಳಲ್ಲಿ ಕೆಲವನ್ನಂತೂ ಆತನೇ ಬರೆದಿಟ್ಟ.

ಅಷ್ಟು ತೊಡಕಿನ ಸಿದ್ಧಾಂತ ಆತನಿಗೇಕೆ ಬೇಕಾಯಿತು ಎಂದರೆ ಒಂದು ಶತಮಾನ ಹಿಂದೆ ಹೋಗಬೇಕು. ಕ್ರಿ.ಪೂ. 500ರ ಸುಮಾರಿಗೆ ಎಫೆಸಸ್‌ನ ಹೆರಾಕ್ಲಿಟಸ್ ಎಲ್ಲವೂ ಹರಿಯುತ್ತಲೇ ಇರುತ್ತದೆ ಎಂದ. ಒಂದೇ ನದಿಗೆ ಎರಡು ಸಲ ಇಳಿಯಲಾಗದು ಎಂಬ ಮಾತು ಅವನ ಹೆಸರಿನಲ್ಲಿದೆ. ಅವನ ಹಿಂಬಾಲಕ ಕ್ರಾಟಿಲಸ್ ಒಂದು ಸಲವೂ ಇಳಿಯಲಾಗದು ಎಂದು ತಿದ್ದಿದ. ಆಡಿದ ಮಾತು ಮುಗಿಯುವಷ್ಟರಲ್ಲಿ ವಸ್ತು ಬೇರೆಯಾಗಿರುತ್ತದೆ ಎಂದಮೇಲೆ ಮಾತಾಡುವುದಾದರೂ ಏಕೆ? ಆತ ಕೊನೆಗೆ ಬೆರಳಾಡಿಸುವುದಕ್ಕಷ್ಟೇ ಇಳಿದಿದ್ದ ಎಂದು ಅರಿಸ್ಟಾಟಲ್ ಬರೆಯುತ್ತಾನೆ. ಪ್ಲೇಟೋ ಎಳೆಯ ವಯಸ್ಸಿನಲ್ಲಿ ಒಡನಾಡಿದ್ದು ಈ ಕ್ರಾಟಿಲಸ್ ಜೊತೆಗೇ. ಇನ್ನೊಂದು ತುದಿಯಲ್ಲಿ, ದಕ್ಷಿಣ ಇಟಲಿಯ ಎಲಿಯಾದಲ್ಲಿ, ಇರುವುದು ಎಂದೂ ಬದಲಾಗದು, ಬದಲಾವಣೆಯೇ ಭ್ರಮೆ ಎಂದು ಸಾರಿದ ಪಾರ್ಮೆನಿಡೀಸ್ ಇದ್ದ. ನಡುವೆ ಸಾಕ್ರಟಿಸ್ ಅಥೆನ್ಸ್‌ನ ಬೀದಿಗಳಲ್ಲಿ ಧೈರ್ಯವೆಂದರೇನು, ಭಕ್ತಿಯೆಂದರೇನು ಎಂದು ಕಂಡವರನ್ನೆಲ್ಲ ಹಿಡಿದು ಕೇಳುತ್ತಿದ್ದ. ಉದಾಹರಣೆ ಕೊಟ್ಟರೆ ಒಪ್ಪುತ್ತಿರಲಿಲ್ಲ. ಎಲ್ಲ ಉದಾಹರಣೆಗಳಲ್ಲೂ ಇರುವ ಆ ಒಂದು ಬೇಕು ಎನ್ನುತ್ತಿದ್ದ. ಕ್ರಿ.ಪೂ. 399ರಲ್ಲಿ ನಗರ ಅವನಿಗೆ ವಿಷ ಕುಡಿಸಿತು. ಪ್ರಶ್ನೆ ಉಳಿಯಿತು.

ಪ್ಲೇಟೋಗೆ ದಾರಿ ತೋರಿಸಿದ್ದು ರೇಖಾಗಣಿತ. 'ಮೆನೋ' ಸಂವಾದದಲ್ಲಿ ಸಾಕ್ರಟಿಸ್ ರೇಖಾಗಣಿತ ಕಲಿಯದ ಗುಲಾಮ ಹುಡುಗನೊಬ್ಬನ ಮುಂದೆ ಎರಡಡಿ ಬಾಹುವಿನ ಚೌಕ ಎಳೆಯುತ್ತಾನೆ. ವಿಸ್ತೀರ್ಣ ನಾಲ್ಕು ಚದರಡಿ. ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬಾಹು ಎಷ್ಟಿರಬೇಕು? ನಾಲ್ಕಡಿ ಎನ್ನುತ್ತಾನೆ ಹುಡುಗ, ಹದಿನಾರಾಗುತ್ತದೆ. ಮೂರಡಿ ಎನ್ನುತ್ತಾನೆ, ಒಂಬತ್ತಾಗುತ್ತದೆ. ಕೊನೆಗೆ ಮೂಲ ಚೌಕದ ಕರ್ಣದ ಮೇಲೆ ಚೌಕ ಕಟ್ಟಿದಾಗ ಸರಿಯಾಗಿ ಎಂಟು ಬರುತ್ತದೆ. ಆ ಕರ್ಣದ ಉದ್ದಕ್ಕೂ ಬಾಹುವಿನ ಉದ್ದಕ್ಕೂ ಇರುವ ಅನುಪಾತವನ್ನು ಯಾವ ಎರಡು ಪೂರ್ಣಸಂಖ್ಯೆಗಳಿಂದಲೂ ಹೇಳಲಾಗದು. ಅಳತೆಪಟ್ಟಿಯಿಂದ ಇದನ್ನು ಕಂಡುಹಿಡಿಯುವುದು ಸಾಧ್ಯವೇ ಇಲ್ಲ. ನೆಲದ ಮೇಲೆ ಗೀಚಿದ ಗೆರೆಗೆ ದಪ್ಪವಿದೆ, ಡೊಂಕಿದೆ. ಗಣಿತದ ರುಜುವಾತು ನಡೆದದ್ದು ಅದರ ಬಗ್ಗೆ ಆಗಿರಲಾರದು. ಗಣಿತಜ್ಞರು ಚಿತ್ರ ಬರೆಯುತ್ತಾರೆ, ಆದರೆ ಅವರ ಲಕ್ಷ್ಯವಿರುವುದು ಚೌಕವೆಂಬುದರ ಮೇಲೆ, ಕರ್ಣವೆಂಬುದರ ಮೇಲೆ ಎಂದು ಪ್ಲೇಟೋನ 'ರಿಪಬ್ಲಿಕ್'ನ ಆರನೆಯ ಭಾಗ ಹೇಳುತ್ತದೆ. ಗೋಡೆಯ ಮೇಲಿನ ನೆರಳುಗಳನ್ನೇ ನಿಜವೆಂದು ನಂಬಿದ ಗುಹೆಯ ಕೈದಿಗಳ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಈ ಮಾತೇ ಸಿದ್ಧಾಂತದ ಬೇರು.

ಗಣಿತದಿಂದ ಆಚೆ ಕಾಲಿಟ್ಟ ಕೂಡಲೇ ತೊಂದರೆ ಶುರುವಾಯಿತು. ಮೇಜು, ಬಟ್ಟಲು ಕಾಣುತ್ತವೆ, ಮೇಜುತನ, ಬಟ್ಟಲುತನ ಕಾಣುತ್ತಿಲ್ಲವಲ್ಲ ಎಂದು ಸಂಪ್ರದಾಯಗಳನ್ನು ಧಿಕ್ಕರಿಸಿದ ಸಿನಿಕ ಪಂಥದ ಡಯೋಜನೀಸ್ ಛೇಡಿಸಿದನಂತೆ. ನೋಡಲು ಕಣ್ಣಿದೆ, ಬುದ್ಧಿಯಿಲ್ಲ ಎಂದನಂತೆ ಪ್ಲೇಟೋ. ಶತಮಾನಗಳ ನಂತರ ಬರೆದಿಟ್ಟ ಕಥೆ, ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು.

ನಿಜವಾದ ಪೆಟ್ಟು 'ಪಾರ್ಮೆನಿಡೀಸ್'ನಲ್ಲಿದೆ. ಒಂದೇ ರೂಪ ಹಲವು ವಸ್ತುಗಳಲ್ಲಿ ಹೇಗಿರುತ್ತದೆ? ಹಗಲು ಒಂದೇ ಆದರೂ ಎಲ್ಲ ಕಡೆ ಇರುವಂತೆ ಎನ್ನುತ್ತಾನೆ ಹುಡುಗ. ಅಂದರೆ ಹಲವರ ತಲೆಯ ಮೇಲೆ ಒಂದೇ ಹಾಯಿಬಟ್ಟೆ ಹೊದಿಸಿದಂತೆ ತಾನೇ, ಪ್ರತಿಯೊಬ್ಬನ ಮೇಲೂ ಇರುವುದು ತುಂಡಷ್ಟೇ ಎಂದು ಹಿರಿಯ ತಿರುಗಿಸುತ್ತಾನೆ. ಇನ್ನೊಂದು ಆಕ್ಷೇಪ ಇನ್ನೂ ಹರಿತ. ದೊಡ್ಡ ವಸ್ತುಗಳೆಲ್ಲ ದೊಡ್ಡವಾಗಿರುವುದು ದೊಡ್ಡತನದ ರೂಪದಿಂದ. ಆ ವಸ್ತುಗಳನ್ನೂ ಆ ರೂಪವನ್ನೂ ಒಟ್ಟಿಗೆ ನೋಡಿದರೆ ಎಲ್ಲವೂ ದೊಡ್ಡವೇ. ಅದಕ್ಕೆ ಇನ್ನೊಂದು ರೂಪ ಬೇಕು, ಆಮೇಲೆ ಮತ್ತೊಂದು. ಕೊನೆಯಿಲ್ಲ. ದೊಡ್ಡತನದ ಜಾಗದಲ್ಲಿ ಮನುಷ್ಯನನ್ನಿಟ್ಟು ಹೇಳಿದಾಗ ಇದೇ ಮುಂದೆ 'ಮೂರನೆಯ ಮನುಷ್ಯ' ವಾದವೆಂದು ಹೆಸರಾಯಿತು. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ ಎಂದೂ ಹಿರಿಯ ಹೇಳುತ್ತಾನೆ: ರೂಪಗಳ ಲೋಕ ನಮ್ಮದರಿಂದ ಅಷ್ಟು ಬೇರೆಯಾಗಿದ್ದರೆ ಅವುಗಳ ಅರಿವು ನಮಗೆ ಆಗುವುದಾದರೂ ಹೇಗೆ? ಇಷ್ಟೆಲ್ಲ ಬಡಿದ ಮೇಲೂ ಆತ ರೂಪಗಳನ್ನು ಎಸೆಯಲು ಹೇಳುವುದಿಲ್ಲ. ಅವಿಲ್ಲವೆಂದರೆ ಯೋಚನೆಗೆ ನೆಲೆಯೇ ಇರದು, ಸಂವಾದದ ಶಕ್ತಿಯೇ ನಾಶವಾಗುತ್ತದೆ ಎನ್ನುತ್ತಾನೆ. ಪ್ಲೇಟೋ ಮಣಿದನೋ ಇಲ್ಲವೋ ಎಂದು ವಿದ್ವಾಂಸರು ಈಗಲೂ ಬಡಿದಾಡುತ್ತಾರೆ. ಎರಡೂ ಕಡೆಯ ಒತ್ತಡವನ್ನು ಆತ ಮುಚ್ಚಿಡದೆ ಬರೆದ ಎಂಬುದು ನನಗೆ ಅದಕ್ಕಿಂತ ಮುಖ್ಯ. 'ಸೋಫಿಸ್ಟ್' ಸಂವಾದದಲ್ಲಂತೂ ಇದನ್ನು ದೇವತೆಗಳಿಗೂ ದೈತ್ಯರಿಗೂ ನಡೆದ ಕಾಳಗ ಎಂದೇ ಕರೆಯುತ್ತಾನೆ: ಕೈಗೆ ಸಿಕ್ಕುವ ಬಂಡೆ, ಮರಗಳಷ್ಟೇ ನಿಜ ಎನ್ನುವವರು ಒಂದು ಕಡೆ, 'ರೂಪಗಳ ಗೆಳೆಯರು' ಇನ್ನೊಂದು ಕಡೆ. ಅಲ್ಲಿ ಗೆಳೆಯರಿಗೂ ಬೈಗುಳ ತಪ್ಪಿಲ್ಲ.

ಅಕಾಡೆಮಿಯಲ್ಲಿ ಒಮ್ಮತವೂ ಇರಲಿಲ್ಲ. ಖಗೋಳಜ್ಞ ಯುಡಾಕ್ಸಸ್ ರೂಪಗಳು ವಸ್ತುಗಳಲ್ಲೇ ಬೆರೆತಿರುತ್ತವೆ ಎಂದ. ಪ್ಲೇಟೋನ ನಂತರ ಸಂಸ್ಥೆಯ ಮುಖ್ಯಸ್ಥನಾದ ಅವನ ಸೋದರಿಯ ಮಗ ಸ್ಪ್ಯೂಸಿಪ್ಪಸ್ ರೂಪಗಳನ್ನು ಕೈಬಿಟ್ಟು ಸಂಖ್ಯೆಗಳನ್ನು ಉಳಿಸಿಕೊಂಡ. ಅರಿಸ್ಟಾಟಲ್ ಕ್ರಿ.ಪೂ. 367ರಲ್ಲಿ ಹದಿನೇಳರ ಹುಡುಗನಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷ ಇದ್ದವನು. ಅವನ ಟೀಕೆ ಹೊರಗಿನವನದಲ್ಲ.

ಟೀಕೆಯ ಭಾಷೆ ಮಾತ್ರ ಒರಟು. ವಸ್ತುಗಳು ರೂಪಗಳಲ್ಲಿ ಪಾಲುಪಡೆಯುತ್ತವೆ ಎಂಬುದು ಪೊಳ್ಳು ಮಾತು, ಕಾವ್ಯದ ರೂಪಕ ಎನ್ನುತ್ತಾನೆ. ಎಣಿಸಲಾಗುತ್ತಿಲ್ಲವೆಂದು ವಸ್ತುಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಂಡವನಂತಾಯಿತು ಎಂದು ನಗುತ್ತಾನೆ. ಬದಲಾಗದ ರೂಪ ಲೋಕದ ಚಲನೆಗೆ ಕಾರಣವಾಗುವುದು ಹೇಗೆ ಎಂಬುದು ಅವನ ಗಟ್ಟಿ ಪ್ರಶ್ನೆ. ಅವನ ಪ್ರಕಾರ ರೂಪ ವಸ್ತುವಿನಲ್ಲೇ ಇದೆ, ಕಂಚಿನ ಗೋಳದಲ್ಲಿ ಗೋಳಾಕಾರವಿರುವಂತೆ. ಪ್ಲೇಟೋ ತೀರಿಕೊಂಡ ಮೇಲೆ ಲೆಸ್ಬಾಸ್ ದ್ವೀಪದ ಹಿನ್ನೀರಿನ ದಂಡೆಯಲ್ಲಿ ಮೀನು, ಚಿಪ್ಪುಜೀವಿಗಳನ್ನು ನೋಡುತ್ತ ಕೂತವನಿಗೆ ಈ ನಿಲುವು ಸಹಜವೇ. ಕೋಳಿಮೊಟ್ಟೆಯಲ್ಲಿ ಮೂರು ದಿನ ಕಳೆದ ಮೇಲೆ ಹೃದಯ ರಕ್ತದ ಚುಕ್ಕೆಯಾಗಿ ಮಿಡಿಯುವುದನ್ನು ಆತ ದಾಖಲಿಸಿದ್ದಾನೆ. ಅವನ ದೃಷ್ಟಿಯಲ್ಲಿ ಅಲ್ಲಿ ಬೆಳೆಯುತ್ತಿರುವುದು ರೂಪವೇ.

ಆದರೆ ಅವನೂ ಪೂರ್ತಿ ನೆಲಕ್ಕಿಳಿಯಲಿಲ್ಲ. ಎಲ್ಲವನ್ನೂ ಚಲಿಸುವಂತೆ ಮಾಡಿ ತಾನು ಚಲಿಸದ ಅವನ ದೇವರಲ್ಲಿ ಕಂಚಿನಂಥ ದ್ರವ್ಯದ ಲೇಶವೂ ಇಲ್ಲ. ಇರುವುದು ಬಿಡಿಬಿಡಿ ವಸ್ತುಗಳು, ಆದರೆ ಶಾಸ್ತ್ರ ತಿಳಿಯುವುದು ಅವೆಲ್ಲಕ್ಕೂ ಸಮಾನವಾದ 'ಸಾಮಾನ್ಯ'ವನ್ನು ಎಂಬ ಬಿರುಕು ಅವನ 'ಮೆಟಾಫಿಸಿಕ್ಸ್'ನಲ್ಲೂ ಮುಚ್ಚಿಲ್ಲ.

ಕ್ರಿ.ಶ. ಮೂರನೆಯ ಶತಮಾನದಲ್ಲಿ ತತ್ತ್ವಜ್ಞಾನಿ ಪೋರ್ಫಿರಿ, ಸಾಮಾನ್ಯಗಳು ನಿಜಕ್ಕೂ ಇವೆಯೇ ಎಂಬ ಈ ಪ್ರಶ್ನೆಯನ್ನು ತನ್ನ ತರ್ಕದ ಪ್ರವೇಶಿಕೆಯ ಆರಂಭದಲ್ಲೇ ಎತ್ತಿ, ಇದು ತೀರಾ ಆಳದ್ದು, ಇಲ್ಲಿ ಬೇಡ ಎಂದು ಬದಿಗಿಟ್ಟ. ರೋಮಿನ ಪಂಡಿತ ಬೋಥಿಯಸ್ ಅದನ್ನು ಲ್ಯಾಟಿನ್‌ಗೆ ತಂದದ್ದರಿಂದ ಮಧ್ಯಯುಗದ ಯುರೋಪಿಗೆ ಶತಮಾನಗಳ ಜಗಳ ಉಡುಗೊರೆಯಾಗಿ ಸಿಕ್ಕಿತು. ಗಣಿತದ ಮಟ್ಟಿಗೆ ಅದು ಇನ್ನೂ ನಡೆದಿದೆ. ಇಪ್ಪತ್ತನೆಯ ಶತಮಾನದ ತರ್ಕಶಾಸ್ತ್ರಜ್ಞ ಕುರ್ಟ್ ಗೋಡೆಲ್ ಗಣಿತದ ವಸ್ತುಗಳು ನಮ್ಮ ಮನಸ್ಸಿನ ಹೊರಗೆ ನಿಜಕ್ಕೂ ಇವೆ ಎಂದು ನಂಬಿದ್ದ. ಹಾಗಿದ್ದರೆ ಕಾಲ-ದೇಶಗಳಾಚೆಯ ಅವುಗಳನ್ನು ನಾವು ಅರಿಯುವುದು ಹೇಗೆ ಎಂದು 1973ರಲ್ಲಿ ತತ್ತ್ವಜ್ಞಾನಿ ಪಾಲ್ ಬೆನಾಸೆರಾಫ್ ಕೇಳಿದ. 1980ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ಹಾರ್ಟ್ರಿ ಫೀಲ್ಡ್ ಇನ್ನೂ ಮುಂದೆ ಹೋಗಿ, ಸಂಖ್ಯೆಗಳೇ ಇಲ್ಲವೆಂದಿಟ್ಟುಕೊಂಡು ನ್ಯೂಟನ್ನನ ಗುರುತ್ವ ಸಿದ್ಧಾಂತವನ್ನು ಮತ್ತೆ ಬರೆಯಲು ಹೊರಟ.