ಕಂಪನಿ ಗೇಟಿನಾಚೆ ಮಾನವ ಸಂಪನ್ಮೂಲ ಅಭಿವೃದ್ಧಿ: ಉಜಿರೆಯ ರುಡ್‌ಸೆಟ್ ಹಿಡಿದು ಒಂದು ಟಿಪ್ಪಣಿ

'ಮಾನವ ಸಂಪನ್ಮೂಲ ಅಭಿವೃದ್ಧಿಯಿಂದ ಸಮಾಜಕ್ಕೇನು ಲಾಭ?' ಅಂತ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವುದು ಒಂದೇ. ಉದ್ಯೋಗ ಹೆಚ್ಚುತ್ತದೆ, ಬಡತನ ಇಳಿಯುತ್ತದೆ, ದೇಶ ಮುಂದೆ ಬರುತ್ತದೆ. ತಪ್ಪಲ್ಲ. ಆದರೆ 'ಹೇಗೆ?' ಅಂದ ಕೂಡಲೇ ಪೆನ್ನು ನಿಲ್ಲುತ್ತದೆ, ಅಲ್ವಾ? ನನ್ನ ಪೆನ್ನೂ ನಿಂತಿತ್ತು. ಅದಕ್ಕೇ ಒಂದೇ ಉದಾಹರಣೆ ಹಿಡಿದು ಓದಿಕೊಂಡೆ.

ಮೊದಲು ಸ್ವಲ್ಪ ಥಿಯರಿ. ಮಾನವ ಸಂಪನ್ಮೂಲ ಅಭಿವೃದ್ಧಿ ಅಂದರೆ ಕಲಿಕೆಯ ಮೂಲಕ ಜನರ ಸಾಮರ್ಥ್ಯ ಬೆಳೆಸುವುದು. ಈ ಹೆಸರನ್ನು 1960ರ ದಶಕದ ಕೊನೆಗೆ ಚಾಲ್ತಿಗೆ ತಂದವರು ಅಮೆರಿಕದ ಪ್ರಾಧ್ಯಾಪಕ ಲಿಯೊನಾರ್ಡ್ ನ್ಯಾಡ್ಲರ್. ಈಗಿನ ಕೆಲಸಕ್ಕೆ ಬೇಕಾದ ಕಲಿಕೆ ತರಬೇತಿ, ಮುಂದಿನ ಕೆಲಸಕ್ಕೆ ಬೇಕಾದದ್ದು ಶಿಕ್ಷಣ, ಯಾವ ಕೆಲಸಕ್ಕೂ ಗಂಟು ಹಾಕದೆ ಮನುಷ್ಯ ಬೆಳೆಯಲು ಬೇಕಾದದ್ದು ಅಭಿವೃದ್ಧಿ ಅಂತ ಅವರು ಬೇರೆ ಬೇರೆ ಮಾಡಿದರು. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ನಮ್ಮಲ್ಲಿ ಐಐಎಂ ಅಹಮದಾಬಾದಿನ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ 1970ರ ದಶಕದಲ್ಲಿ ಎಲ್ ಅಂಡ್ ಟಿ ಕಂಪನಿಗೆ ಇದರ ವ್ಯವಸ್ಥೆ ರೂಪಿಸಿಕೊಟ್ಟರು. ಅದು ಗೇಟಿನ ಒಳಗಿನ ಕಥೆ.

ಗೇಟಿನ ಹೊರಗಿನದು ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಶುರುವಾಯಿತು. ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ ಹಳ್ಳಿ ಯುವಜನರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಕಟ್ಟಿದವು. ಮುಂದೆ ನಿಂತವರು ವೀರೇಂದ್ರ ಹೆಗ್ಗಡೆಯವರು. ಸಾಲ ಕೊಡುವುದು ಬ್ಯಾಂಕಿಗೆ ಗೊತ್ತು. ಆ ಸಾಲದಲ್ಲಿ ಅಂಗಡಿ ಹೇಗೆ ನಡೆಸುವುದು ಅಂತ ಹಳ್ಳಿ ಹುಡುಗರಿಗೆ ಹೇಳಿಕೊಡುವವರು ಯಾರು? ಆ ಕೆಲಸ ಇದರದ್ದು. ಊಟ, ವಸತಿ, ತರಬೇತಿ ಎಲ್ಲ ಪುಕ್ಕಟೆ. ಕೆಲವೇ ದಿನ ಅಥವಾ ಕೆಲವು ವಾರಗಳ ಕೋರ್ಸು. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿ, ಹೀಗೆ.

ಇಂಥ ಉದ್ಯಮಶೀಲತಾ ತರಬೇತಿಗಳಲ್ಲಿ ಒಂದು ಆಟ ಆಡಿಸುತ್ತಾರೆ. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ರಿಂಗು. ಎಷ್ಟು ದೂರದಿಂದ ಎಸೆಯಬೇಕು ಅನ್ನೋದು ಎಸೆಯುವವರ ಇಷ್ಟ. ಗೂಟದ ಪಕ್ಕದಲ್ಲೇ ನಿಂತರೆ ಬೀಳೋದು ಗ್ಯಾರಂಟಿ, ಆದರೆ ಅದರಲ್ಲೇನು ದೊಡ್ಡಸ್ತಿಕೆ? ಗೋಡೆಗೆ ಒರಗಿ ಎಸೆದರೆ ಬಿದ್ದರೂ ಅದೃಷ್ಟ. ಲೆಕ್ಕ ಹಾಕಿ ನಡುವೆ ನಿಲ್ಲುವವರು ಅಂಗಡಿಯನ್ನೂ ಹಾಗೇ ನಡೆಸುತ್ತಾರೆ ಅನ್ನೋದು ಆಟದ ಹಿಂದಿನ ಲೆಕ್ಕ. ಇದರ ಮೂಲ ಮನೋವಿಜ್ಞಾನಿ ಡೇವಿಡ್ ಮೆಕ್ಲೆಲ್ಯಾಂಡ್. ಅವರ ತಂಡ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಇಂಥ ತರಬೇತಿ ಕೊಡಿಸಿ ನೋಡಿತು. ತರಬೇತಿ ಪಡೆದವರು ಬೇರೆಯವರಿಗಿಂತ ಜಾಸ್ತಿ ಬಂಡವಾಳ ಹಾಕಿದರು, ಜಾಸ್ತಿ ಜನಕ್ಕೆ ಕೆಲಸ ಕೊಟ್ಟರು. ಒಬ್ಬರ ಕಲಿಕೆ ಊರಿಗೆ ಹರಿಯುವುದು ಇಲ್ಲೇ. ಉತ್ತರದಲ್ಲಿ ಇದನ್ನು ಬಿಡಬೇಡಿ.

ಆದರೆ ನನ್ನ ಪ್ರಕಾರ ರುಡ್‌ಸೆಟ್‌ನ ನಿಜವಾದ ಜಾಣತನ ತರಬೇತಿ ಮುಗಿದ ಮೇಲೆ ಇದೆ. ಕಲಿತು ಹೋದವರನ್ನು ಅಲ್ಲಿಗೇ ಬಿಡದೆ ಎರಡು ವರ್ಷ ವಿಚಾರಿಸುತ್ತಾ ಇರುತ್ತಾರೆ. ಶುರು ಮಾಡಿದೆಯಾ? ಬ್ಯಾಂಕಿನವರು ಏನಂದರು? ಎಲ್ಲಿ ಸಿಕ್ಕಿಕೊಂಡಿದೆ? ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಇಲಾಖೆ ಇದೇ ಮಾದರಿಯನ್ನು ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಹೆಸರಲ್ಲಿ ದೇಶದ ಜಿಲ್ಲೆಗಳಿಗೆ ಒಯ್ದಿತು. ನಡೆಸುವ ಹೊಣೆ ಬ್ಯಾಂಕುಗಳದ್ದು.

ಈ ಬೆನ್ನು ಬೀಳುವಿಕೆ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ. ನಮ್ಮೂರಲ್ಲಿ ಒಂದು ಸಂಘದವರು ಹೊಲಿಗೆ ಶಿಬಿರ ಮಾಡಿದರು. ಸರ್ಟಿಫಿಕೇಟು ಕೊಟ್ಟು, ಫೋಟೊ ತೆಗೆಸಿಕೊಂಡು ಹೋದರು. ನಮ್ಮ ಅತ್ತೆ ಮನೆಯಲ್ಲಿ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ಬ್ಲೌಸ್ ಮಾತ್ರ ಪೇಟೆಯಲ್ಲೇ ಹೊಲಿಸುತ್ತಾರೆ.

ನಮ್ಮ ಬೀದಿಯ ಇನ್ನೊಬ್ಬ ಅಕ್ಕ ಆರ್‌ಸೆಟಿಯಲ್ಲಿ ಹೊಲಿಗೆ ಕಲಿತು ಬಂದವರು. ಮೊದಲ ಸಲ ಸಾಲ ಕೇಳಲು ಹೋದಾಗ ಮಾತೇ ಹೊರಡಲಿಲ್ಲವಂತೆ. ಎರಡನೇ ಸಲ ಕೇಂದ್ರದ ಮೇಡಂ ಜೊತೆಗೆ ಹೋದರು, ಮಿಷನ್ ಬಂತು. ಈಗ ಹೆಮ್ಮಿಂಗ್ ಮಾಡಲು, ಹುಕ್ಕು ಹಾಕಲು ಇಬ್ಬರು ಹುಡುಗಿಯರು ಬರುತ್ತಾರೆ. ಇಷ್ಟರವರೆಗೆ ಲೆಕ್ಕಕ್ಕೆ ಸಿಗುತ್ತದೆ. ಲೆಕ್ಕಕ್ಕೆ ಸಿಗದ್ದೂ ಒಂದಿದೆ. ಹೋದ ಗ್ರಾಮಸಭೆಯಲ್ಲಿ ಆ ಅಕ್ಕ ಎದ್ದು ನಿಂತು, 'ಸಂಜೆ ಆ ಹುಡುಗಿಯರು ಕತ್ತಲಲ್ಲಿ ಮನೆಗೆ ಹೋಗಬೇಕು, ನಮ್ಮ ಬೀದಿ ದೀಪ ಯಾವಾಗ ಹಾಕಿಸ್ತೀರಿ?' ಅಂತ ಕೇಳಿದರು. ನ್ಯಾಡ್ಲರ್ ಹೇಳಿದ ಮೂರನೆಯದು, ಅಂದರೆ ಅಭಿವೃದ್ಧಿ, ನನಗೆ ಅರ್ಥವಾದದ್ದು ಆವತ್ತೇ. ದೀಪ ಇನ್ನೂ ಬಂದಿಲ್ಲ. ಮುಂದಿನ ಸಭೆಯಲ್ಲೂ ಕೇಳ್ತಾರಂತೆ.