ರೆಪ್ಲಿಕಾ ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ಯಾಕೆ ನಿಲ್ಲುವುದಿಲ್ಲ: ಅಳೆದು ಕಾರಣ ಹುಡುಕುವ ಬಗೆ

ರೆಪ್ಲಿಕಾ ಎಂದರೆ ಹೆಸರಾಂತ ಕಾರಿನ ನಕಲು. ಅದರ ಹೊರಮೈ ಒಂದು ಕಾರಿನದು, ಒಳಗಿನ ಸಾಮಾನು ಬೇರೆ ಬೇರೆ ಕಾರುಗಳದು. ಮೇಲೆ ಎಸಿ ಕೋಬ್ರಾದ ಆಕಾರದ ಫೈಬರ್ ಬಾಡಿ ಇರಬಹುದು, ಇಲ್ಲವೇ ಲೋಟಸ್ ಸೆವೆನ್ ಮಾದರಿಯ ಪೈಪ್ ಚಾಸಿ ಇರಬಹುದು. ಕೆಳಗೆ ನೋಡಿದರೆ ಸ್ಟೇರಿಂಗ್ ರ‍್ಯಾಕ್ (ಸ್ಟೇರಿಂಗ್ ತಿರುಗಿಸಿದಾಗ ಅಡ್ಡಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ಸರಳು) ಯಾವುದೋ ಹಳೆ ಸೆಡಾನಿನದು, ಹಬ್ (ಚಕ್ರವನ್ನು ಬೋಲ್ಟ್ ಮಾಡುವ ನಡುಭಾಗ) ಮತ್ತೊಂದರದು, ಚಕ್ರ ಮಾತ್ರ ನೋಡಲು ಚೆನ್ನಾಗಿದೆ ಅಂತ ತಂದದ್ದು. ಎಲ್ಲ ಭಾಗಗಳೂ ಹೊಸವು, ಎಲ್ಲ ಬೋಲ್ಟೂ ಬಿಗಿ. ಆದರೂ ವೇಗ ಗಂಟೆಗೆ 60 ಕಿ.ಮೀ. ದಾಟಿದರೆ ಕಾರು ಅತ್ತಿತ್ತ ಎಳೆಯಲು ಶುರು ಮಾಡುತ್ತದೆ.

ಕಂಪನಿ ಕಾರಿನಲ್ಲಿ ಹೀಗಾದರೆ ಯಾವುದೋ ಭಾಗ ಸವೆದಿದೆ ಎಂದು ಹುಡುಕುತ್ತೇವೆ. ರೆಪ್ಲಿಕಾದಲ್ಲಿ ಬಹಳ ಸಲ ಭಾಗ ಸರಿಯಾಗಿಯೇ ಇರುತ್ತದೆ, ಅದನ್ನು ಕೂರಿಸಿದ ಜಾಗ ತಪ್ಪಿರುತ್ತದೆ. ಅದಕ್ಕೇ ಸುಮ್ನೆ ಟೈ ರಾಡ್ ಎಂಡ್ (ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ), ಬುಷ್ (ಜೋಡಣೆಯ ಒಳಗಿನ ಬಳೆ) ಅಂತ ಬದಲಿಸುತ್ತಾ ಹೋಗಬೇಡಿ. ಮೊದಲು ಅಳೆಯಿರಿ. ಮೈಸೂರಿನ ಬನ್ನಿಮಂಟಪದ ಕಡೆ ಒಂದು ಶೆಡ್‌ನಲ್ಲಿ ಸೆವೆನ್ ಮಾದರಿಯ ಕಾರು ಇಟ್ಟುಕೊಂಡು ನಾವು ಕೆಲವರು ಕಲಿಯುತ್ತಿದ್ದೇವೆ. ಮೈಸೂರು, ಮಂಡ್ಯದಲ್ಲಿ ಆಟೋಮೊಬೈಲ್ ಡಿಪ್ಲೊಮಾ ಓದುತ್ತಿರುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆದಿದ್ದೇನೆ.

ಮೊದಲು ಕೇಳಬೇಕಾದದ್ದು: ಯಾವಾಗ?

"ಗಾಡಿ ಎಳೀತದೆ ಕಣಣ್ಣ" ಎಂದು ಚಾಲಕ ಹೇಳಿದರೆ ಅಷ್ಟಕ್ಕೇ ಸ್ಪ್ಯಾನರ್ ಹಿಡಿಯಬೇಡಿ. ಯಾವಾಗ ಎಳೆಯುತ್ತದೆ ಎಂದು ಕೇಳಿ. ಸಪಾಟಾದ ರಸ್ತೆಯಲ್ಲಿ ನೇರ ಹೋಗುವಾಗಲೇ ಅಲೆದಾಡಿದರೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು), ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಅಥವಾ ಟೈರಿನ ಮೇಲೆ ಅನುಮಾನ ಇಡಿ. ಒಂದು ಚಕ್ರ ಹಳ್ಳಕ್ಕೆ ಬಿದ್ದಾಗ ಕಾರು ಪಕ್ಕಕ್ಕೆ ನೆಗೆದರೆ ಬಂಪ್ ಸ್ಟೇರ್, ಅಂದರೆ ಚಕ್ರ ಮೇಲೆ ಕೆಳಗೆ ಹೋದಾಗ ತಾನೇ ತಿರುಗುವ ತೊಂದರೆ, ಇರಬಹುದು. ಬ್ರೇಕ್ ಒತ್ತಿದಾಗ ಮಾತ್ರ ತೂರಾಡಿದರೂ ಬಂಪ್ ಸ್ಟೇರ್ ನೆನಪಿರಲಿ. ಬ್ರೇಕ್ ಹಾಕಿದಾಗ ಮೂಗು ಕೆಳಗಿಳಿಯುತ್ತದೆ, ಅಂದರೆ ಮುಂದಿನ ಎರಡೂ ಚಕ್ರಗಳು ಒಟ್ಟಿಗೆ ಬಂಪ್ ಹತ್ತಿದ ಹಾಗೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ದಿಕ್ಕು ಬದಲಾದರೆ ಹಿಂದಿನ ಆಕ್ಸಲ್ ನೋಡಿ. ಕಬ್ಬಿನ ಲಾರಿ ಓಡಾಡಿ ಚಡಿ ಬಿದ್ದ ಮಂಡ್ಯದ ಕಡೆಯ ರಸ್ತೆಗಳಲ್ಲಿ ಮಾತ್ರ ಕಾರು ಆ ಚಡಿಯನ್ನೇ ಹಿಡಿದುಕೊಂಡು ಹೋದರೆ, ಕಾರಣ ಅಗಲ ಜಾಸ್ತಿಯಾದ ಟೈರ್ ಇರಬಹುದು, ಚಕ್ರ ಹೊರಗೆ ಚಾಚಿರುವುದೂ ಇರಬಹುದು.

ಪರೀಕ್ಷೆಯನ್ನು ಎಲ್ಲಿ ಮಾಡಬೇಕು? ಎಕ್ಸ್‌ಪ್ರೆಸ್‌ವೇಗೆ ಒಂದು ಸಲ ಒಯ್ದು ನೋಡಿಬಿಡೋಣ ಅನ್ನಿಸುವುದು ಸಹಜ. ದಯವಿಟ್ಟು ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಕಟ್ಟುನಿಟ್ಟಿನ ಮಿತಿ ಹಾಕಿದೆ. ಕಾನೂನು ಒಂದು ಕಡೆ ಇರಲಿ, ಸ್ಟೇರಿಂಗ್ ನಂಬಲಾಗದ ಕಾರನ್ನು ಬೇರೆಯವರು ಓಡಾಡುವ ರಸ್ತೆಗೆ ತರುವುದೇ ತಪ್ಪು. ಅನುಮತಿ ಪಡೆದ ಖಾಸಗಿ ಮೈದಾನದಲ್ಲಿ, ಕಡಿಮೆ ವೇಗದಲ್ಲಿ ಶುರು ಮಾಡಿ.

ಕಾರು ನಿಂತಿರುವಾಗ ನೋಡುವುದು

ಟೈರ್‌ನಿಂದ ಶುರು ಮಾಡೋಣ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರ್ ತಯಾರಾಗುವ ಊರಿನಲ್ಲೇ ಇದ್ದೇವೆ, ಇದನ್ನು ಓದಲು ಬರದಿದ್ದರೆ ಹೇಗೆ? ರೆಪ್ಲಿಕಾ ಕಾರುಗಳು ವರ್ಷಗಟ್ಟಲೆ ಶೆಡ್‌ನಲ್ಲೇ ನಿಂತಿರುತ್ತವೆ. ಟೈರಿನ ಹಲ್ಲು ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ.

ಆಮೇಲೆ ಗಾಳಿ. ಸೆವೆನ್ ಮಾದರಿಯ ಕಾರು ಸುಮಾರು 500ರಿಂದ 600 ಕೆ.ಜಿ. ತೂಗುತ್ತದೆ. ಸಾಮಾನು ಕೊಟ್ಟ ಸೆಡಾನಿನ ಲೆಕ್ಕದಲ್ಲಿ 30 ಪಿಎಸ್‌ಐ ತುಂಬಿದರೆ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಕಾರು ಪುಟಿಯುತ್ತದೆ. ಇಂಥ ಹಗುರ ಕಾರುಗಳಿಗೆ 20 ಪಿಎಸ್‌ಐ ಆಸುಪಾಸು ಸಾಕಾಗುತ್ತದೆ. ಇದನ್ನು ಮೊದಲು ಹೇಳಲು ಕಾರಣವಿದೆ. ಕಾಸು ಖರ್ಚಿಲ್ಲದ ಬದಲಾವಣೆ ಇದು, ಎಷ್ಟೋ ಸಲ ಅರ್ಧ ದೂರು ಇಲ್ಲೇ ಮುಗಿಯುತ್ತದೆ.

ಮುಂಭಾಗವನ್ನು ಜ್ಯಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಬಲ ಹಿಡಿದಾಗ ಆಟ ಕಂಡರೆ ಟೈ ರಾಡ್ ಎಂಡ್ ಅಥವಾ ರ‍್ಯಾಕಿನ ಒಳ ಬುಷ್. ರ‍್ಯಾಕನ್ನು ಚಾಸಿಗೆ ಹಿಡಿದಿರುವ ಕ್ಲಾಂಪನ್ನು ಮರೆಯಬೇಡಿ. ಒಬ್ಬರು ಸ್ಟೇರಿಂಗನ್ನು ಸಣ್ಣದಾಗಿ ಅತ್ತಿತ್ತ ತಿರುಗಿಸಲಿ, ಇನ್ನೊಬ್ಬರು ಕ್ಲಾಂಪಿನ ಮೇಲೆ ಬೆರಳಿಟ್ಟು ನೋಡಲಿ. ರ‍್ಯಾಕ್ ಕೂದಲೆಳೆಯಷ್ಟು ಸರಿದರೂ ಬೆರಳಿಗೆ ಗೊತ್ತಾಗುತ್ತದೆ.

ಹಾಗೇ ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ಒಂದು ಸುತ್ತಿನಲ್ಲಿ ಎರಡು ಸಲ ಬಿಗಿಯಾಗಿ ಎರಡು ಸಲ ಸಡಿಲವಾದರೆ ಅದು ಕಾಲಮ್ಮಿನ (ಸ್ಟೇರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬದ) ಯುನಿವರ್ಸಲ್ ಜಾಯಿಂಟಿನ, ಅಂದರೆ ಕೋನದಲ್ಲಿ ಬಾಗಿಯೂ ತಿರುಗುವ ಜಾಯಿಂಟಿನ ಕಥೆ. ರೆಪ್ಲಿಕಾದಲ್ಲಿ ಎಂಜಿನ್ ತಪ್ಪಿಸಿಕೊಂಡು ಹೋಗಲು ಕಾಲಮ್ಮನ್ನು ಕತ್ತರಿಸಿ ಎರಡು ಜಾಯಿಂಟ್ ಹಾಕಿರುತ್ತಾರೆ. ನಡುವಿನ ಶಾಫ್ಟಿನ ಎರಡೂ ತುದಿಯ ಕವಲು ಸರಿಯಾಗಿ ಹೊಂದಿ ಕೂರಬೇಕು, ಎರಡು ಜಾಯಿಂಟಿನ ಕೋನವೂ ಸಮ ಇರಬೇಕು. ಹಾಗಿಲ್ಲದಿದ್ದರೆ ಸ್ಟೇರಿಂಗ್ ಒಂದೇ ಸಮ ತಿರುಗುವುದಿಲ್ಲ. ಚಾಲಕ ಮಾತ್ರ ಸ್ಟೇರಿಂಗ್ ನಡುವಿಗೆ ಮರಳುವುದಿಲ್ಲ ಎಂದು ದೂರುತ್ತಾನೆ. ಇದನ್ನು ಕ್ಯಾಸ್ಟರ್ ತೊಂದರೆ ಅಂತ ತಿಳಿದು ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಪ್ರಯೋಜನವಿಲ್ಲ.

ಕ್ಯಾಸ್ಟರ್

ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ವಾ, ಕಾರಿನಲ್ಲಿ ಆ ವಾಲಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ಮೇಲಿನ ಬಾಲ್ ಜಾಯಿಂಟ್ ಕೆಳಗಿನದಕ್ಕಿಂತ ಹಿಂದೆ ಇದ್ದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಇದು ಕಡಿಮೆಯಾದರೆ ಸ್ಟೇರಿಂಗ್ ಹಗುರ, ಆದರೆ ಕಾರು ಅಲೆದಾಡುತ್ತದೆ. ಮುಂಭಾಗ ಹಗುರವಾದ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲದೆಯೂ 4-5 ಡಿಗ್ರಿ ಕ್ಯಾಸ್ಟರ್ ಭಾರ ಅನ್ನಿಸುವುದಿಲ್ಲ. ಹಳೆ ಸೆಡಾನುಗಳಲ್ಲಿ ಇಷ್ಟು ಕೊಡುತ್ತಿರಲಿಲ್ಲ. ಆ ಅಂಕಿಯನ್ನೇ ನಕಲು ಮಾಡಿದರೆ ರೆಪ್ಲಿಕಾಗೆ ಸಾಲುವುದಿಲ್ಲ.

ದೊಡ್ಡ ಯಂತ್ರ ಬೇಡ. ಚಕ್ರವನ್ನು 20 ಡಿಗ್ರಿ ಹೊರಕ್ಕೆ ತಿರುಗಿಸಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಓದಿ, 20 ಡಿಗ್ರಿ ಒಳಕ್ಕೆ ತಿರುಗಿಸಿ ಇನ್ನೊಮ್ಮೆ ಓದಿ. ಎರಡರ ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ. ವ್ಯತ್ಯಾಸ 3 ಡಿಗ್ರಿ ಬಂದರೆ ಕ್ಯಾಸ್ಟರ್ 4.5 ಡಿಗ್ರಿ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದ್ದರೆ ಕಾರು ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಎಳೆಯುತ್ತದೆ.

ಬಂಪ್ ಸ್ಟೇರ್

ನನ್ನ ಲೆಕ್ಕದಲ್ಲಿ ರೆಪ್ಲಿಕಾ ಕಾರಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ಇದು. ಅಲೈನ್‌ಮೆಂಟ್ ಯಂತ್ರ ಇದನ್ನು ತೋರಿಸುವುದೂ ಇಲ್ಲ. ಅಲ್ಲಿ ಕಾರು ನಿಂತೇ ಇರುತ್ತದೆ. ಚಕ್ರ ಮೇಲೆ ಕೆಳಗೆ ಹೋದಾಗ ಟೋ ಬದಲಾಗುವುದೇ ಬಂಪ್ ಸ್ಟೇರ್. ವಿಷ್‌ಬೋನುಗಳು (ಚಕ್ರವನ್ನು ಚಾಸಿಗೆ ಹಿಡಿದಿರುವ ಕವಲು ಆರ್ಮುಗಳು) ಒಂದು ಕಮಾನಿನಲ್ಲಿ ಚಲಿಸುತ್ತವೆ, ಟೈ ರಾಡ್ ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದಿದರೆ ಚಕ್ರ ನೇರವಾಗಿಯೇ ಇರುತ್ತದೆ. ಹೊಂದದಿದ್ದರೆ ಚಾಲಕ ಕೈ ಅಲ್ಲಾಡಿಸದೆಯೂ ಚಕ್ರ ತಿರುಗುತ್ತದೆ. ಮೂಲ ಸೆಡಾನಿನಲ್ಲಿ ರ‍್ಯಾಕಿನ ಎತ್ತರ, ಉದ್ದ ಎಲ್ಲವನ್ನೂ ಅದರ ಆರ್ಮುಗಳಿಗೆ ಹೊಂದಿಸಿದ್ದರು. ಅದೇ ರ‍್ಯಾಕನ್ನು ಬೇರೆ ಅಳತೆಯ ವಿಷ್‌ಬೋನಿಗೆ ಜೋಡಿಸಿದಾಗ ಆ ಹೊಂದಿಕೆ ತಪ್ಪುತ್ತದೆ.

ಅಳೆಯುವುದು ಹೀಗೆ. ಕಾರನ್ನು ಓಡುವ ಎತ್ತರದಲ್ಲೇ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ತೆಗೆಯಿರಿ. ಸ್ಟೇರಿಂಗನ್ನು ನಡುವಿನಲ್ಲಿ ಅಲುಗಾಡದಂತೆ ಕಟ್ಟಿ. ಹಬ್‌ಗೆ ನೇರವಾದ ಒಂದು ತಗಡು ಬೋಲ್ಟ್ ಮಾಡಿ. ಪಕ್ಕದಲ್ಲಿ ಎಳೆದ ದಾರದಿಂದ ತಗಡಿನ ಮುಂದಿನ ತುದಿಗೆ ಎಷ್ಟು, ಹಿಂದಿನ ತುದಿಗೆ ಎಷ್ಟು ಎಂದು ಬರೆದುಕೊಳ್ಳಿ. ಈಗ ಹಬ್ಬನ್ನು ಜ್ಯಾಕ್‌ನಿಂದ 10 ಮಿ.ಮೀ.ನಂತೆ ಎತ್ತುತ್ತಾ, ಇಳಿಸುತ್ತಾ, ಮೇಲೆ 50 ಕೆಳಗೆ 50 ಮಿ.ಮೀ. ತನಕ ಓದಿ. ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ.

ಗೆರೆಯ ಆಕಾರದಲ್ಲೇ ಉತ್ತರ ಇದೆ. ಮೇಲೆ ಹೋದಾಗ ಟೋ ಔಟ್ (ಚಕ್ರದ ಮುಂಭಾಗ ಹೊರಕ್ಕೆ), ಕೆಳಗೆ ಇಳಿದಾಗ ಟೋ ಇನ್ (ಒಳಕ್ಕೆ) ಆಗಿ ಗೆರೆ ಓರೆಯಾಗಿ ನೇರ ಬಂದರೆ ಟೈ ರಾಡಿನ ಇಳಿಜಾರು ತಪ್ಪಿದೆ. ಗೆರೆ ಇದಕ್ಕೆ ಉಲ್ಟಾ ಓರೆಯಾಗಿದ್ದರೂ ಅದೇ ಅರ್ಥ. ರ‍್ಯಾಕನ್ನು, ಇಲ್ಲವೇ ಟೈ ರಾಡಿನ ಹೊರ ತುದಿಯನ್ನು ವಾಷರ್ ಹಾಕಿ ಎತ್ತರಿಸಬೇಕು ಅಥವಾ ಇಳಿಸಬೇಕು. ಮೇಲೆ ಹೋದರೂ ಕೆಳಗೆ ಇಳಿದರೂ ಒಂದೇ ಕಡೆಗೆ ಟೋ ಬದಲಾಗಿ ಗೆರೆ ಬಿಲ್ಲಿನಂತೆ ಬಾಗಿದರೆ ಟೈ ರಾಡಿನ ಉದ್ದ ತಪ್ಪಿದೆ, ಅಂದರೆ ರ‍್ಯಾಕಿನ ಅಗಲ ಈ ಕಾರಿಗೆ ಹೊಂದಿಲ್ಲ. ಇದು ಕಷ್ಟದ ಕೆಲಸ. ಬೇರೆ ಅಗಲದ ರ‍್ಯಾಕ್ ಹುಡುಕಬೇಕಾಗಬಹುದು. ಎರಡೂ ತಪ್ಪು ಒಟ್ಟಿಗೆ ಇದ್ದರೆ ಗೆರೆ ಓರೆಯಾಗಿಯೂ ಬಾಗಿಯೂ ಬರುತ್ತದೆ. ಆಗ ಮೊದಲು ಎತ್ತರ ಸರಿಪಡಿಸಿ. ಒಂದು ಸಲಕ್ಕೆ 2-3 ಮಿ.ಮೀ. ಮಾತ್ರ ಬದಲಿಸಿ ಮತ್ತೆ ಅಳೆಯಿರಿ.

ಸಣ್ಣ ಅಂಕಿ ಅಂತ ಬಿಡಬೇಡಿ. 350 ಮಿ.ಮೀ. ತಗಡಿನ ಮೇಲೆ 2 ಮಿ.ಮೀ. ವ್ಯತ್ಯಾಸ ಎಂದರೆ ಸುಮಾರು 0.33 ಡಿಗ್ರಿ. ಸ್ಟೇರಿಂಗ್ ಅನುಪಾತ 15 ಇದ್ದರೆ (ಸ್ಟೇರಿಂಗ್ 15 ಡಿಗ್ರಿ ತಿರುಗಿದಾಗ ಚಕ್ರ 1 ಡಿಗ್ರಿ), ಚಾಲಕ ಸ್ಟೇರಿಂಗನ್ನು 5 ಡಿಗ್ರಿ ತಿರುಗಿಸಿದಾಗ ಚಕ್ರ ಎಷ್ಟು ತಿರುಗುತ್ತದೋ ಅಷ್ಟು. ಅವನು ಕೇಳದೆಯೇ ಪ್ರತಿ ಹಳ್ಳದಲ್ಲೂ ಇದು ಆಗುತ್ತಿರುತ್ತದೆ.

ಇನ್ನೊಂದು ಸಂಗತಿ. ಸ್ಟೇರಿಂಗ್ ಚಕ್ರ ಓರೆಯಾಗಿ ಕಂಡರೆ ಒಂದು ಟೈ ರಾಡ್ ಉದ್ದ, ಇನ್ನೊಂದು ಗಿಡ್ಡ ಮಾಡಿ ನೇರ ಮಾಡುವ ಅಭ್ಯಾಸ ಇದೆ. ಹಾಗೆ ಮಾಡಿದರೆ ರ‍್ಯಾಕ್ ನಡು ತಪ್ಪುತ್ತದೆ, ಬಂಪ್ ಸ್ಟೇರ್ ಎಡಕ್ಕೊಂದು ಬಲಕ್ಕೊಂದು ಆಗುತ್ತದೆ. ರ‍್ಯಾಕನ್ನು ನಡುವಿಗೆ ತಂದು, ಸ್ಟೇರಿಂಗ್ ಚಕ್ರವನ್ನು ಬಿಚ್ಚಿ, ಶಾಫ್ಟಿನ ಮೇಲೆ ಒಂದೆರಡು ಹಲ್ಲು ಸರಿಸಿ ನೇರವಾಗಿ ಕೂರಿಸಿ.

ಹಿಂಭಾಗ

ಹಿಂದಿನಿಂದಲೂ ಕಾರು ತಿರುಗುತ್ತದೆ. ಎಂಜಿನ್ ಹಿಂದೆ ಇರುವ ರೆಪ್ಲಿಕಾಗಳಿಗೆ ಅಮೆರಿಕದಲ್ಲಿ ಪಾಂಟಿಯಾಕ್ ಫಿಯೆರೊ ಬಹಳ ಬಳಕೆಯಾಯಿತು. 1984ರಿಂದ 1987ರವರೆಗಿನ ಫಿಯೆರೊಗಳಲ್ಲಿ ಮುಂದಿನ ಚಕ್ರ ಎಳೆಯುವ ಕಾರಿನ ಮುಂಭಾಗದ ಜೋಡಣೆಯನ್ನೇ ಹಿಂದೆ ತಂದು, ಟೈ ರಾಡುಗಳನ್ನು ಚೌಕಟ್ಟಿಗೆ ಕಟ್ಟಿದ್ದರು. ಹಾಗಾಗಿ ಹಿಂದೆಯೂ ಬಂಪ್ ಸ್ಟೇರ್ ಇತ್ತು. 1988ರಲ್ಲಿ ಸಸ್ಪೆನ್ಷನನ್ನೇ ಬದಲಿಸಿದರು. ಇಲ್ಲಿ ಯಾರಾದರೂ ಮಾರುತಿ ಕಾರಿನ ಮುಂಭಾಗವನ್ನು ಹಿಂದಕ್ಕೆ ತಿರುಗಿಸಿ ಕೂರಿಸಿದರೆ ಇದೇ ಪಾಠ ಅನ್ವಯಿಸುತ್ತದೆ.

ಗಟ್ಟಿ ಆಕ್ಸಲ್ (ಎರಡೂ ಹಿಂದಿನ ಚಕ್ರಗಳನ್ನು ಜೋಡಿಸುವ ಒಂದೇ ಅಚ್ಚು) ಇದ್ದರೆ ಎಡ, ಬಲ ಎರಡೂ ಕಡೆ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಅಳತೆ ತೆಗೆಯಿರಿ. ವ್ಯತ್ಯಾಸ ಇದ್ದರೆ ಆಕ್ಸಲ್ ಓರೆ ಕೂತಿದೆ. ರಬ್ಬರ್ ಬುಷ್ಷಿನ ಬೋಲ್ಟನ್ನು ಚಕ್ರ ನೇತಾಡುವಾಗ ಬಿಗಿ ಮಾಡಬಾರದು, ಕಾರು ನೆಲದ ಮೇಲೆ ತನ್ನ ತೂಕದಲ್ಲಿ ನಿಂತಾಗ ಮಾಡಬೇಕು. ಇಲ್ಲವಾದರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ತೀರಾ ವೇಗದಲ್ಲಿ ಮಾತ್ರ ಹಗುರಾಗುವ ಕಾರಿಗೆ ಗಾಳಿಯೂ ಕಾರಣ ಇರಬಹುದು. 1964ರಲ್ಲಿ ಫ್ರಾನ್ಸಿನ ಲೆ ಮಾನ್ ರೇಸಿನ ಪರೀಕ್ಷಾ ಓಟದಲ್ಲಿ ಫೋರ್ಡ್ ಜಿಟಿ ಕಾರುಗಳೇ ಹೀಗೆ ಅಸ್ಥಿರವಾಗಿದ್ದವು. ಹಿಂದೆ ಸ್ಪಾಯ್ಲರ್ (ಗಾಳಿ ತಡೆದು ಹಿಂಭಾಗ ಮೇಲೇಳದಂತೆ ಮಾಡುವ ಪಟ್ಟಿ) ಕೊಟ್ಟ ಮೇಲೆ ಸ್ಥಿರವಾದವು. ನಮ್ಮ ಮೈದಾನದ ವೇಗಕ್ಕೆ ಇದು ಬರುವುದಿಲ್ಲ.

ಯಾವುದು ಮೊದಲು, ಯಾವುದು ಕೊನೆಗೆ

ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುತ್ತದೆ. ಅದಕ್ಕೇ ಈ ಕ್ರಮ ತಪ್ಪಬಾರದು: ಗಾಳಿ, ಕಾರಿನ ಎತ್ತರ, ಕ್ಯಾಂಬರ್, ಕ್ಯಾಸ್ಟರ್, ಬಂಪ್ ಸ್ಟೇರ್, ಎಲ್ಲ ಆದ ಮೇಲೆ ಟೋ. ಕ್ಯಾಸ್ಟರ್ ಮುಟ್ಟಿದರೆ ಟೈ ರಾಡಿನ ಹೊರ ತುದಿಯ ಎತ್ತರ ಬದಲಾಗುತ್ತದೆ, ಬಂಪ್ ಸ್ಟೇರ್ ಮತ್ತೆ ಅಳೆಯಬೇಕಾಗುತ್ತದೆ.

ಟೋ ಅಳೆಯಲು ಕಾರಿನ ಎರಡೂ ಪಕ್ಕ ಹಬ್ಬಿನ ಎತ್ತರದಲ್ಲಿ ದಾರ ಎಳೆಯಿರಿ. ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಮುಂದಿನ ಎರಡು ಹಬ್ಬುಗಳಿಂದ ದಾರಕ್ಕೆ ಸಮ ದೂರ ಇರಬೇಕು, ಹಿಂದೆಯೂ ಹಾಗೇ. ಮುಂದಿನ, ಹಿಂದಿನ ಅಳತೆಗಳು ಪರಸ್ಪರ ಒಂದೇ ಆಗಬೇಕಿಲ್ಲ, ಚಕ್ರಗಳ ನಡುವಿನ ಅಗಲ ಬೇರೆ ಬೇರೆ ಇರುತ್ತದೆ. ಹಿಂದಿನ ಚಕ್ರ ಎಳೆಯುವ ಕಾರಿಗೆ ಮುಂದೆ ಒಟ್ಟು 1-2 ಮಿ.ಮೀ. ಟೋ ಇನ್ ಒಳ್ಳೆಯ ಆರಂಭ. ಹಿಂದೆ ಟೋ ಔಟ್ ಎಂದೂ ಇರಬಾರದು.

ಟೈ ರಾಡಿನ ಲಾಕ್ ನಟ್ ಬಿಗಿ ಮಾಡಿದ ಮೇಲೆ ನಟ್ಟಿಗೂ ರಾಡಿಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ಪ್ರತಿ ಓಟದ ನಂತರ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ನಟ್ ಸಡಿಲಾಗಿದೆ, ಟೋ ಮತ್ತೆ ಅಳೆಯುವ ತನಕ ಆ ಕಾರನ್ನು ಓಡಿಸಬೇಡಿ.